ಮೂರು ಊರಿನ ಕರೆಂಟು, ಒಂದು ಕಳ್ಳ ವಿಳಾಸ

ಒಂದೂರಲ್ಲಿ ಒಂದು ಕೋಟೆ ಇತ್ತಂತೆ. ಕೋಟೆಗೆ ಒಂದೇ ಬಾಗಿಲು, ಬಾಗಿಲು ಕಾಯಲಿಕ್ಕೆ ಒಬ್ಬಳೇ ಹುಡುಗಿ. ದಿನಾ ಒಬ್ಬ ಕಳ್ಳ ಬಂದು ತಟ್ಟುತ್ತಿದ್ದನಂತೆ. ನಾನು ನಿನ್ನ ಅತ್ತೆ, ತೆಗಿ ಅನ್ನುತ್ತಿದ್ದ. ನಾನು ನಿನ್ನ ಮಾವ, ತೆಗಿ ಅನ್ನುತ್ತಿದ್ದ. ಬಳೆಗಾರ ಅಂದ, ಭಟ್ಟರು ಅಂದ, ಬಾಯಾರಿದ ದಾರಿಹೋಕ ಅಂದ. ಲೋಕದಲ್ಲಿ ಹೆಸರಿಗೆ ಎಂತ ಬರ? ಕಡೆಗೆ ಹುಡುಗಿ ಒಳಗಿಂದಲೇ ಕೇಳಿದಳಂತೆ: "ನೀ ಯಾರು ಅಂತ ನಂಗೆ ಬೇಡ. ಎಲ್ಲಿಂದ ಬಂದೆ, ಅದನ್ನ ಹೇಳು."

ಕಳ್ಳನ ಬಾಯಿ ಕಟ್ಟಿಹೋಯಿತಂತೆ.

ಬಂಗಾರಿ ಅಜ್ಜಿ ಈ ಕಥೆಯನ್ನು ಯಾವಾಗಲೂ ಇಲ್ಲಿಗೆ ನಿಲ್ಲಿಸಿ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದಳು. ಮುಂದೆಂತ ಆಯ್ತು ಅಂತ ಸಣ್ಣವಳಿದ್ದಾಗ ನೀಲಾ ಎಷ್ಟು ಪೀಡಿಸಿದರೂ ಅಜ್ಜಿ ಎಲೆ ಜಗಿಯುವುದನ್ನು ಬಿಟ್ಟು ಉತ್ತರ ಕೊಟ್ಟವಳಲ್ಲ.

ಈಗ ನೀಲಾ ತಾನೇ ಆ ಬಾಗಿಲಿನ ಒಳಗೆ ಕೂತಿದ್ದಳು.

ಕುಮಟೆಯ ಪೇಟೆಯಲ್ಲಿ, ಔಷಧಿ ಅಂಗಡಿಯ ಮಹಡಿಯ ಮೇಲೆ, ಮಾಲತಿ ಅಕ್ಕನ ಆಫೀಸಿನ ಕಂಪ್ಯೂಟರ್ ಎದುರು. ಪರದೆಯ ಮೇಲೆ ಸಾಲುಗಳು ಒಂದರ ಹಿಂದೆ ಒಂದು ಇರುವೆಗಳಂತೆ ಏರುತ್ತಿದ್ದವು. ಒಂದು ಸಾಲು ಅಂದರೆ ಒಂದು ತಟ್ಟು. ಯಾವ ಹೆಸರು ಹಾಕಿ ಒಳಗೆ ನುಗ್ಗಲು ನೋಡಿದ, ಇಂಟರ್ನೆಟ್ಟಿನ ಯಾವ ವಿಳಾಸದಿಂದ, ಎಷ್ಟು ಹೊತ್ತಿಗೆ; ಎಲ್ಲ ಅದರಲ್ಲೇ. 'ಅಡ್ಮಿನ್' ಹಾಕಿದ, ಆಗಲಿಲ್ಲ. 'ಗೆಸ್ಟ್' ಹಾಕಿದ, ಆಗಲಿಲ್ಲ. 'ಮಾಲತಿ' ಹಾಕಿದ. 'ಓಂಬೀಚ್' ಹಾಕಿದ. ಹೆಸರು ಬದಲಾಗುತ್ತಿತ್ತು, ವಿಳಾಸದ ಅಂಕಿಗಳು ಬದಲಾಗುತ್ತಿರಲಿಲ್ಲ.

ಓಂ ಬೀಚಿನ ಸುತ್ತಲಿನ ಗೆಸ್ಟ್ ಹೌಸುಗಳ ಬುಕಿಂಗೂ ಇ-ಮೇಲೂ ನೋಡಿಕೊಳ್ಳುವುದು ಆ ಆಫೀಸಿನ ಕೆಲಸ. ಈ ತಿಂಗಳು ಅವುಗಳಲ್ಲಿ ಒಂದು ಮೇಲ್‌ಬಾಕ್ಸಿನ ಬೀಗ ಮುರಿದಿತ್ತು. ಅಲ್ಲಿಂದ ಊರಿಗೆಲ್ಲ ಲಾಟರಿಯ ಸ್ಪ್ಯಾಮ್ ಹೋಯಿತು, ಹಿಂದೆ ತಂಗಿಹೋದ ಹೆಂಗಸರಿಗೆ ಹೊಲಸು ಪತ್ರಗಳು ಹೋದವು. ಪುಣೆಯ ಒಬ್ಬಾಕೆ ಪೊಲೀಸರಿಗೆ ದೂರು ಕೊಟ್ಟರು. ಆ ಪತ್ರದೊಳಗೆ ಅಡಗಿದ್ದ ವಿಳಾಸವನ್ನು ಹೆಕ್ಕಿ ಇಂಟರ್ನೆಟ್ ಕಂಪನಿಗೆ ಕಳಿಸಿದವಳು ನೀಲಾ. ಕಂಪನಿಯಿಂದ ಬಂದ ಹೆಸರು ಹೊನ್ನಾವರದ ದೇವು.

ಬಸ್‌ಸ್ಟ್ಯಾಂಡಿನ ಹತ್ತಿರ ಫೋಟೋ ಸ್ಟುಡಿಯೋ ಇಟ್ಟ ದೇವು. ನೀಲಾಳ ಪಿಯುಸಿ ಹಾಲ್ ಟಿಕೆಟ್ಟಿನ ಫೋಟೋ ತೆಗೆದವನು, ನಗಬೇಡ ಅಂತ ಹೇಳಿ ಹೇಳಿ ತಾನೇ ನಕ್ಕವನು.

ಇವತ್ತು ಸಂಜೆ ಅವನು ಠಾಣೆಗೆ ಹೋಗಬೇಕು. ಅಲ್ಲಿಂದ ನೇರ ಕಾರವಾರದ ಜೈಲಿಗೆ.

ಅವನ ತಾಯಿ ಸಣ್ಣಮ್ಮ ಮೊನ್ನೆ ಹೊನ್ನಾವರದಿಂದ ಬಸ್ಸು ಹಿಡಿದು ಬಂದಿದ್ದಳು. ಅಳಲಿಲ್ಲ, ಬಯ್ಯಲಿಲ್ಲ. ಕುರ್ಚಿ ಕೊಟ್ಟರೂ ಕೂರದೆ ಬಾಗಿಲ ಚೌಕಟ್ಟು ಹಿಡಿದು ನಿಂತು ಹೇಳಿದ್ದು ಒಂದೇ ಮಾತು. "ನಿನ್ನ ಕೈಯಿಂದ ಹೋದ ಕಾಗದಕ್ಕೆ ನನ್ನ ಮಗನ ಹೆಸರು ಬಂತು. ಅದನ್ನ ನಿನ್ನ ಕೈಯೇ ಅಳಿಸ್ಬೇಕು, ತಂಗಿ."

ಆತು, ಅಂದಿದ್ದಳು ನೀಲಾ. ನಿಜವಾದ ಜಾಗ ಹುಡುಕಿ, ನಾನೇ ಬರೆದು, ನಾನೇ ಕಳಿಸ್ತೆ.

ಮಾತು ಕೊಡುವಾಗ ನಾಲಿಗೆಗೆ ಎಷ್ಟು ಹಗುರ!

ದೇವುವಿನ ತೊಂದರೆ ಇಷ್ಟೇ: ಅವನು ಯಾರಿಗೂ ಇಲ್ಲ ಅನ್ನುವವನಲ್ಲ. ಫೋನಿನಿಂದ ಇಂಟರ್ನೆಟ್ಟಿಗೆ ಹೋಗಲು ಒಂದು ಹೆಸರು, ಒಂದು ಪಾಸ್‌ವರ್ಡ್ ಬೇಕು. ಅದನ್ನು ಅವನು ಕೇಳಿದವರಿಗೆ ಮಜ್ಜಿಗೆಯ ಹೆಪ್ಪು ಕೊಟ್ಟ ಹಾಗೆ ಕೊಟ್ಟಿದ್ದ. ಯಾರ ಮನೆಯ ಫೋನಿನಿಂದ ಹತ್ತಿದರೂ ಕಂಪನಿಯವರಿಗೆ ಕಾಣುವುದು ದೇವು. ಕೊಟ್ಟಿದ್ದು ಹೌದು ಅಂತ ಪೊಲೀಸರ ಎದುರೂ ಒಪ್ಪಿದ್ದ. ಯಾರಿಗೆ ಅಂತ ಕೇಳಿದರೆ ಮಾತ್ರ ಗೋಡೆ ನೋಡುತ್ತ ನಿಂತ. ಕೇಳಿಕೊಂಡು ಬಂದವರ ಹೆಸರು ಬೀದಿಯಲ್ಲಿ ಹೇಳುವುದುಂಟೆ ಅನ್ನುವುದು ಅವನ ಮರ್ಯಾದೆ. ಭಟ್ಕಳದ ಸಂತೋಷನಿಗೆ ಕೊಟ್ಟದ್ದನ್ನು ಸಣ್ಣಮ್ಮ ಕಣ್ಣಾರೆ ನೋಡಿದ್ದಳು, ಅದಕ್ಕೆ ಅಷ್ಟಾದರೂ ಗೊತ್ತಾಯಿತು.

ಸಂತೋಷನ ಮೇಲೆ ನೀಲಾಳಿಗೆ ಗುಮಾನಿ ಹತ್ತಿದ್ದು ಕರೆಂಟಿನಿಂದ.

ತಟ್ಟಿದ್ದನ್ನೆಲ್ಲ ಬರೆದಿಡುವ ಆ ಲಾಗ್ ಪಟ್ಟಿಯಲ್ಲಿ ದಿನಾ ಒಂದು ತೂತು ಕಾಣುತ್ತಿತ್ತು. ಒಂಬತ್ತೂವರೆಗೆ ತಟ್ಟುವುದು ನಿಲ್ಲುತ್ತಿತ್ತು, ಒಂದು ತಾಸಿನ ಮೇಲೆ ಮತ್ತೆ ಶುರು. ಭಟ್ಕಳದಲ್ಲಿ ಕರೆಂಟು ತೆಗೆಯುವುದು ಬೆಳಿಗ್ಗೆ ಒಂಬತ್ತೂವರೆಗೆ. ಹೊನ್ನಾವರಕ್ಕೆ ಮಧ್ಯಾಹ್ನ, ಕುಮಟೆಗೆ ಇಳಿಹೊತ್ತು. ಇನ್ನೆಂತ ಬೇಕು? ನಿನ್ನೆ ಬೆಳಿಗ್ಗೆ ಟೆಂಪೋ ಹತ್ತಿ ಭಟ್ಕಳಕ್ಕೆ ಹೋಗಿ ಸಂತೋಷನ ಕಂಪ್ಯೂಟರ್ ಅಂಗಡಿಯಲ್ಲಿ ಕೂತಿದ್ದಳು. ಹೇಳಿದ ಹೊತ್ತಿಗೆ ಫ್ಯಾನು ನಿಂತಿತು. ಸಂತೋಷ ರಟ್ಟಿನ ತುಂಡಿನಿಂದ ಗಾಳಿ ಹಾಕಿಕೊಳ್ಳುತ್ತ ಅವಳನ್ನೇ ನೋಡುತ್ತ ಕೂತ. ಚಾ ತರಿಸಿದ. ಆಮೇಲೆ ಬಹಳ ಮೆತ್ತಗೆ, ನೀನು ಪತ್ತೆದಾರಿಕೆ ಮಾಡೂಕೆ ಬಂದದ್ದೋ ಹುಡುಗ ನೋಡೂಕೆ ಬಂದದ್ದೋ, ಎರಡಕ್ಕೂ ನಾ ತಯಾರಿಲ್ಲ ಮಾರಾಯ್ತಿ ಅಂದ. ಕಿವಿ ಬಿಸಿಯಾಗಿ ಅವಳು ಇಳಿದು ಬಂದಿದ್ದಳು. ಆದರೂ ಅವನೇ ಅಂತ ಮನಸ್ಸು ಹೇಳುತ್ತಿತ್ತು.

ಇವತ್ತು ಊಟದ ಹೊತ್ತಿಗೆ ಆ ನಂಬಿಕೆ ಕುಸಿಯಿತು.

ಕಂಪನಿಯ ಹುಬ್ಬಳ್ಳಿ ಆಫೀಸಿನ ಅಧಿಕಾರಿಯೊಬ್ಬರು ಫೋನಿನಲ್ಲಿ ಸಿಕ್ಕಿದ್ದರು. ಒಳ್ಳೆಯವರು, ಆದರೆ ಅವಸರದವರು. ಅವರು ಹೇಳಿದ್ದು: ಈ ವಿಳಾಸ ಅನ್ನುವುದು ಬಾಡಿಗೆ ಸೈಕಲ್ಲಿನ ಹಾಗೆ. ಒಬ್ಬ ಇಳಿದ ಮೇಲೆ ಇನ್ನೊಬ್ಬ ಹತ್ತುತ್ತಾನೆ. ಯಾವ ಹೊತ್ತಿಗೆ ಯಾರ ಕೈಲಿತ್ತು ಅನ್ನುವುದೇ ಮುಖ್ಯ. ಹಳೆಯದನ್ನು ಕೆದಕಲು ಮೇಲಿನವರ ಪರವಾನಗಿ ಬೇಕು, ತಿಂಗಳು ಹಿಡಿಯುತ್ತದೆ. ಆದರೆ ಅವನು ಲೈನಿನಲ್ಲಿರುವಾಗಲೋ ಕಡಿದ ಕೂಡಲೋ ಬರಹದಲ್ಲಿ ವರದಿ ಬಂದರೆ, ಯಾವ ಫೋನಿನಿಂದ ಹತ್ತಿದ್ದಾನೆ ಅಂತ ಆಗಿಂದಾಗಲೇ ನೋಡಬಹುದು, ಠಾಣೆಗೂ ತಿಳಿಸಬಹುದು.

ಅದಕ್ಕೇ ಇವತ್ತು ಮೊದಲ ಬಾರಿ ಅವಳು ಓಡುತ್ತಿರುವ ಲಾಗನ್ನೇ ತೆರೆದು ಕೂತಿದ್ದು. ಇಷ್ಟು ದಿನ ಹಿಂದಿನ ದಿನದ್ದನ್ನು ಇಳಿಸಿಕೊಂಡು ಓದುತ್ತಿದ್ದಳು. ಸಾಲೊಂದು ಏರಿತು. ಅದರ ಕೊನೆಯಲ್ಲಿ ಹೊತ್ತು: ಎಂಟು ಗಂಟೆ.

ನೀಲಾ ಗೋಡೆಯ ಗಡಿಯಾರ ನೋಡಿದಳು. ಒಂದೂವರೆ.

ಮತ್ತೆ ಪರದೆ ನೋಡಿದಳು.

ಇ-ಮೇಲ್ ಇಟ್ಟ ದೊಡ್ಡ ಯಂತ್ರ ಇರುವುದು ಇಲ್ಲಲ್ಲ, ಬಾಡಿಗೆಗೆ ಹಿಡಿದ ಪರದೇಶದ ಯಂತ್ರ ಅದು. ಅದರ ಗಡಿಯಾರಕ್ಕೆ ಕುಮಟೆಯ ಸೂರ್ಯ ಗೊತ್ತಿಲ್ಲ. ನಮ್ಮದಕ್ಕಿಂತ ಐದೂವರೆ ತಾಸು ಹಿಂದೆ ಓಡುತ್ತದೆ. ಹಾಗಾದರೆ ಲಾಗ್ ಪಟ್ಟಿಯ ಒಂಬತ್ತೂವರೆ ಅಂದರೆ?

ಬೆರಳು ಮಡಚಿ ಎಣಿಸಿದಳು. ಇಳಿಹೊತ್ತಿನ ಮೂರು.

ಮೂರಕ್ಕೆ ಕರೆಂಟು ಹೋಗುವುದು ಭಟ್ಕಳದಲ್ಲಲ್ಲ, ಹೊನ್ನಾವರದಲ್ಲಲ್ಲ. ಕುಮಟೆಯಲ್ಲಿ. ಇದೇ ಪೇಟೆಯಲ್ಲಿ, ತಲೆಯ ಮೇಲೆ ತಿರುಗುತ್ತಿರುವ ಇದೇ ಫ್ಯಾನು ನಿಲ್ಲುವ ಹೊತ್ತು. ದಿನಾ ಆ ಹೊತ್ತಿಗೆ ಅವಳೂ ಮಾಲತಿ ಅಕ್ಕನೂ ಕೆಳಗಿಳಿದು ಚಾ ಕುಡಿಯುತ್ತಿದ್ದರು. ಕರೆಂಟು ಬಂದ ಮೇಲೆ ಮಹಡಿ ಹತ್ತುತ್ತಿದ್ದರು. ಕಳ್ಳನೂ ಅಷ್ಟು ಹೊತ್ತು ಸುಮ್ಮನಿದ್ದು, ಅವರ ಜೊತೆಗೇ ಕೆಲಸಕ್ಕೆ ಕೂರುತ್ತಿದ್ದ. ತನ್ನ ಯಂತ್ರವೂ ಆರಿರುತ್ತಿದ್ದುದರಿಂದ ಅವಳಿಗೆ ಅದು ಎಂದೂ ಕಂಡಿರಲಿಲ್ಲ.

ಎಲ್ಲಿಂದ ಬಂದೆ ಅನ್ನುವುದಕ್ಕೆ ಉತ್ತರ ಸಿಕ್ಕಿತ್ತು. ಇಲ್ಲಿಂದ.

ಆಫೀಸಿಗೆ ಎರಡು ಲೈನು. ಒಂದು ಇಂಟರ್ನೆಟ್ಟಿಗೆ, ಇನ್ನೊಂದು ಮಾತಿಗೆ. ಮಾತಿನ ಫೋನೆತ್ತಿ ದೇವುವಿನ ಸ್ಟುಡಿಯೋಕ್ಕೆ ಹಚ್ಚಿದಳು. ಸಂತೋಷನಲ್ಲ ಅಂತ ಹೇಳಿದಳು, ಕರೆಂಟಿನ ಲೆಕ್ಕ ಹೇಳಿದಳು. ಕುಮಟೆಯಲ್ಲಿ ಯಾರಿಗೆ ಕೊಟ್ಟೆ ಅಂತ ಕೇಳಿದಳು. ಆ ಕಡೆ ಬಸ್ಸಿನ ಹಾರನ್ನು ಕೇಳಿಸಿತು, ಯಾರೋ ಫೋಟೋದ ಕವರು ಕೇಳುತ್ತಿದ್ದರು.

"ಸಂಜೆ ನೀ ಕಾರವಾರಕ್ಕೆ ಹೋಗ್ತೆ ದೇವಣ್ಣ," ಅಂದಳು. "ಅವ ಮನೇಲಿ ಕೂತು ಚಾ ಕುಡೀತಾ ಇರ್ತ."

"ಅವ ಅಂಥವ ಅಲ್ಲ."

"ಯಾರು?"

"ನಿಂಗೆ ಬ್ಯಾಡ."

"ನಂಗೇ ಬೇಕು. ನಿನ್ನ ಅಮ್ಮಂಗೆ ಮಾತು ಕೊಟ್ಟಿದ್ದೆ."

ದೇವು ಉಸಿರು ಬಿಟ್ಟದ್ದು ತಂತಿಯಲ್ಲಿ ಕೇಳಿಸಿತು. "ಕುಮಟೆಯಲ್ಲಿ ಕೊಟ್ಟದ್ದು ಒಬ್ಬಗೇ. ನಿನ್ನ ಅಣ್ಣ ಉದಯಂಗೆ. ಪೊಲೀಸ್ರಿಗೆ ಯಾಕೆ ಹೇಳ್ಲಿಲ್ಲ ಅಂತ ಈಗ ಗೊತ್ತಾತಾ?"

ಫೋನಿಟ್ಟ ಮೇಲೂ ಅವಳ ಕೈ ಅದರ ಮೇಲೇ ಇತ್ತು.

ಉದಯ. ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಗುಮಾಸ್ತ. ಎರಡನೇ ಕೈಯ ಕಂಪ್ಯೂಟರ್ ತಂದು ಕೋಣೆಯಲ್ಲಿಟ್ಟು, ಬಾಗಿಲು ಮುಂದೆ ಮಾಡಿಕೊಂಡು ಕೂರುವ ಅಣ್ಣ. ಹಗಲಲ್ಲೂ ಊಟಕ್ಕೆ ಬಂದವನು ಅರ್ಧ ತಾಸು ಅದರ ಎದುರು. ಬಾಗಿಲು ಯಾಕೆ ಹಾಕಿಕೊಳ್ತೆ ಅಂತ ಕೇಳಿದರೆ ಅಜ್ಜಿಯ ಹಾಡಿನ ಗಲಾಟೆ ಅನ್ನುತ್ತಿದ್ದ. ಅಜ್ಜಿ ಗದ್ದೆಯಲ್ಲಿ ನಟ್ಟಿಯ ಹಾಡು ಹೇಳುತ್ತಿದ್ದವಳು, ಈಗ ಅಕ್ಕಿ ಆರಿಸುವಾಗಲೂ ಹೇಳುತ್ತಾಳೆ. ನೀಲಾ ನಂಬಿದ್ದಳು. ಮಾಲತಿ ಅಕ್ಕನ ಹೆಸರು, ಗೆಸ್ಟ್ ಹೌಸುಗಳ ಹೆಸರು, ಎಲ್ಲವನ್ನೂ ಊಟ ಮಾಡುತ್ತ ಅವನಿಗೆ ಹೇಳಿದವಳೂ ತಾನೇ ಅಲ್ಲವೆ?

ಅವನ ಆಫೀಸಿಗೆ ಫೋನು ಹಚ್ಚಿದರೆ ಈಗಷ್ಟೇ ಹೊರಟ ಅಂದರು. ಗೋಡೆಯಲ್ಲಿ ಎರಡೂಕಾಲು. ಮೂರಕ್ಕೆ ಕರೆಂಟು ಹೋದರೆ ಕಳ್ಳನೂ ಇಳಿಯುತ್ತಾನೆ, ಅವಳ ಯಂತ್ರವೂ ಆರುತ್ತದೆ. ಕರೆಂಟು ಬರುವಷ್ಟರಲ್ಲಿ ದೇವು ಠಾಣೆಯಲ್ಲಿರುತ್ತಾನೆ. ವರದಿ ಬರೆಯತೊಡಗಿದಳು. ವಿಳಾಸದ ಅಂಕಿಗಳು. ಇಂದಿನ ತಾರೀಕು, ಎರಡು ಸಾವಿರದ ನಾಲ್ಕನೇ ಇಸವಿ ಅಕ್ಟೋಬರ್. ಹೊತ್ತು ಪರದೇಶದ್ದು, ನಮ್ಮ ಹೊತ್ತಾಗಲು ಐದೂವರೆ ತಾಸು ಕೂಡಿಸಬೇಕು ಅಂತ ಎರಡೆರಡು ಸಲ ಬರೆದಳು. ಕಳಿಸುವ ಗುಂಡಿಯ ಹತ್ತಿರ ಮೌಸು ತಂದಳು.

ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಭಾರದ ಹೆಜ್ಜೆ.

ಉದಯ ಒಳಗೆ ಬಂದ. ಎರಡೂ ತೋಳಿನಲ್ಲಿ ಹಳೆಯ ಲುಂಗಿಯಲ್ಲಿ ಸುತ್ತಿದ ಗಂಟು, ಮೇಜಿನ ಮೇಲೆ ಇಟ್ಟಾಗ ದಡ್ ಅಂದಿತು. ಗಂಟು ಸಡಿಲಾಗಿ ಕಂಪ್ಯೂಟರಿನ ಡಬ್ಬಿ ಕಂಡಿತು. ಮನೆಯದೇ. ಮುಂಭಾಗದಲ್ಲಿ ಅವನು ಅಂಟಿಸಿದ ಇಡಗುಂಜಿ ಗಣಪತಿಯ ಸ್ಟಿಕ್ಕರು.

ಸಾಕ್ಷಿ ಸಾಗಿಸುತ್ತಿದ್ದಾನೆ, ಅಂದುಕೊಂಡಳು ನೀಲಾ.

"ಇದನ್ನ ಎಲ್ಲಿಗೆ ಹೊತ್ಕಂಡು ಹೊರಟಿದ್ದೆ?"

"ರಿಪೇರಿಗೆ. ಬೆಳಿಗ್ಗೇನೇ ಆಫೀಸಿಗೆ ತಂದಿಟ್ಟಿದ್ದೆ. ಪಕ್ಕದ ರಿಪೇರಿ ಅಂಗಡಿ ಬಾಗಿಲು ಹಾಕಿದ್ರು. ಸ್ವಲ್ಪ ಹೊತ್ತು ಇಲ್ಲಿರ್ಲಿ."

"ದೇವಣ್ಣನ ಪಾಸ್‌ವರ್ಡು ನಿನ್ನ ಹತ್ರ ಅದೆ."

ಉದಯ ಲುಂಗಿಯ ತುದಿಯಿಂದ ಕುತ್ತಿಗೆ ಒರೆಸಿಕೊಂಡ. ಇದ್ದರೆ ಎಂತ ಈಗ ಅಂತ ಕೇಳಿದ. ನೀಲಾ ಒಂದೇ ಉಸಿರಿಗೆ ಹೇಳಿದಳು. ಕರೆಂಟು, ಗಡಿಯಾರ, ಮಾಲತಿ ಅಕ್ಕನ ಹೆಸರು, ಸಂಜೆಯ ಕಾರವಾರ. ಹೇಳುತ್ತ ಹೇಳುತ್ತ ಅವಳ ಧ್ವನಿ ತನ್ನದಲ್ಲ ಅನಿಸಿತು. ಅವನ ಮುಖ ಕೆಂಪಾಯಿತು, ಆಮೇಲೆ ಬಿಳಿಚಿಕೊಂಡಿತು.

"ಹೆಂಗಸ್ರಿಗೆ ಹೊಲಸು ಬರೆದವ ನಾನು ಅಂತೀಯಾ? ನಿನ್ನ ಬಾಯಲ್ಲಿ ಇದು ಬಂತಾ?"

"ಅಲ್ಲ ಅಂತ ಹೇಳು. ಸಾಕು."

"ಹೇಳೂದಿಲ್ಲ. ನೋಡ್ಕ." ಡಬ್ಬಿಯನ್ನು ಅವಳ ಕಡೆ ತಿರುಗಿಸಿದ. ಹಿಂಬದಿಯಲ್ಲಿ ಫೋನಿನ ತಂತಿ ಸಿಕ್ಕಿಸುವ ಜಾಗ ಕರ್ರಗೆ ಸುಟ್ಟು ಕರಗಿತ್ತು. "ಆಯ್ತವಾರದ ಸಿಡ್ಲಿಗೆ ಮೋಡೆಮ್ ಹೋತು. ಗುಡುಗು ಬಂದ್ರೆ ತಂತಿ ಕೀಳು ಅಂತ ನೀ ಬಡ್ಕಂಡಿದ್ದೆ. ನಾ ಕೀಳ್ಲಿಲ್ಲ. ನೀ ಬಯ್ತೆ ಅಂತ ಇಷ್ಟು ದಿನ ಬಾಯಿ ಮುಚ್ಚಿದ್ದೆ."

ನೀಲಾ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ನೋಡಿದಳು. ಹೊಸದಲ್ಲ. ಭಾನುವಾರ ಅಂದರೆ ನಾಲ್ಕು ದಿನ. ನಾಲ್ಕು ದಿನದಿಂದ ತಟ್ಟುವುದು ಒಮ್ಮೆಯೂ ತಪ್ಪಿರಲಿಲ್ಲ.

ಇಬ್ಬರೂ ಒಟ್ಟಿಗೇ ಪರದೆಯ ಕಡೆ ತಿರುಗಿದರು. ಸಾಲುಗಳು ಏರುತ್ತಲೇ ಇದ್ದವು.

ಅಷ್ಟು ಸಮಾಧಾನ ಅವಳಿಗೆ ಹಿಂದೆಂದೂ ಆಗಿರಲಿಲ್ಲ, ಅಷ್ಟು ಹೆದರಿಕೆಯೂ. ಕುಮಟೆಯಲ್ಲಿ ಪಾಸ್‌ವರ್ಡು ಹೋದದ್ದು ತಮ್ಮ ಮನೆಗೆ ಮಾತ್ರ ಅಂತ ಹೊಳೆದು ಫೋನೆತ್ತಿ ಮನೆಯ ನಂಬರು ಒತ್ತಿದಳು. ಕುಂಯ್, ಕುಂಯ್, ಕುಂಯ್. ಲೈನು ಎಂಗೇಜು, ಯಾರೋ ಇಂಟರ್ನೆಟ್ಟಿಗೆ ಹತ್ತಿದಾಗ ಆಗುವ ಹಾಗೆ.

ಮನೆಯಲ್ಲಿರುವುದು ಅಜ್ಜಿ ಒಬ್ಬಳೇ. ಅಜ್ಜಿ ಫೋನು ಮುಟ್ಟುವವಳಲ್ಲ. ಅದು ಹೊಡೆದುಕೊಂಡರೆ ಅಡುಗೆಮನೆಯಿಂದಲೇ 'ಯಾರೂ ಇಲ್ಲ ಮಾರಾಯ, ಸಂಜೆ ಬಾ' ಅಂತ ಅದಕ್ಕೇ ಹೇಳುವವಳು.

ನೀಲಾ ರಿಸೀವರನ್ನು ಅಣ್ಣನ ಕಿವಿಗೆ ಹಿಡಿದಳು. ಅವನು ಕೇಳಿದ.

"ನಮ್ಮ ತಂತಿಗೆ ಯಾರೋ ಕೊಕ್ಕೆ ಹಾಕಿದ್ರು," ಅಂದ. "ಕಂಬದಲ್ಲೋ, ಹಿತ್ತಲ ಗೋಡೇಲೋ."

"ಕಂಪನಿಯವ್ರು ನೋಡಿದ್ರೆ ನಮ್ಮ ಮನೆ ನಂಬರೇ ಬತ್ತದೆ."

"ಅದಕ್ಕೇ ಕಳಿಸ್ಬೇಡ. ಫೋನು ಅಜ್ಜಿ ಹೆಸರಲ್ಲಿ ಅದೆ, ನೀಲಾ. ನಾಳೆ ಜೀಪು ಬಂದು ನಿಲ್ಲೂದು ಅವಳ ಅಂಗಳದಲ್ಲಿ. ಒಂದು ದಿನ ತಡಿ, ನಾವೇ ಹಿಡಿಯುವ."

"ದೇವಣ್ಣಂಗೆ ಒಂದು ದಿನ ಇಲ್ಲ."

"ದೇವು ಬೇಕೋ, ಅಜ್ಜಿ ಬೇಕೋ?"

ನೀಲಾ ಬೇರೊಂದು ಕೇಳಿದಳು. ತಂತಿಗೆ ಕೊಕ್ಕೆ ಯಾರು ಬೇಕಾದರೂ ಹಾಕಬಹುದು, ದೇವುವಿನ ಪಾಸ್‌ವರ್ಡು ಅವರಿಗೆ ಹೇಗೆ ಸಿಕ್ಕಿತು?

ಉದಯ ನೆಲ ನೋಡಿದ. ಥೇಟು ದೇವು ಗೋಡೆ ನೋಡಿದ ಹಾಗೆ.

"ನೀನೂ ಕೊಟ್ಯಾ?"

"ಕೇಳಿದ್ರು. ಮನೆಗೆ ಬಂದು ಕೇಳಿದವ್ರಿಗೆ ಇಲ್ಲ ಅನ್ನೂಕೆ ಆಗ್ತದ?" ಅಷ್ಟು ಹೇಳಿದವನಿಗೆ ಏನೋ ನೆನಪಾದ ಹಾಗಾಯಿತು. ತಲೆ ಎತ್ತಿದ. ಅವನ ಕಣ್ಣಲ್ಲಿ ಕಂಡದ್ದು ಸಿಟ್ಟಲ್ಲ. "ನೀಲಾ, ಅವ್ರು ಇವತ್ತು ಮಧ್ಯಾಹ್ನ ಅಜ್ಜಿ ಹತ್ರ ಹಾಡು ಬರ್ಕಳೂಕೆ ಬತ್ತೆ ಅಂದಿದ್ರು."

ಯಾರು ಅಂತ ಅವಳು ಕೇಳುವಷ್ಟರಲ್ಲಿ ಅವನು ಅರ್ಧ ಮೆಟ್ಟಿಲು ಇಳಿದಾಗಿತ್ತು. ಕಿಟಕಿಗೆ ಓಡಿ ಕೂಗಿದಳು. ಬೈಕಿನ ಸದ್ದಿನಲ್ಲಿ ಅವನು ಏನೋ ಹೇಳಿದ, ಹೆಸರು ಮಾತ್ರ ಗಾಳಿಗೆ ಹೋಯಿತು.

ತಿರುಗಿ ನೋಡಿದರೆ ಪರದೆಯ ಮೇಲೆ ಸಾಲುಗಳು ನಿಂತಿದ್ದವು.

ಫ್ಯಾನು ತಿರುಗುತ್ತಿತ್ತು. ಕರೆಂಟು ಹೋಗಿರಲಿಲ್ಲ, ಮೂರಾಗಲು ಇನ್ನೂ ಸ್ವಲ್ಪ ಹೊತ್ತಿತ್ತು. ಆದರೂ ತಟ್ಟುವ ಕೈ ನಿಂತಿತ್ತು. ಕೊನೆಯ ಸಾಲಿನಲ್ಲಿ ಅವನು ಹಾಕಿ ನೋಡಿದ ಹೆಸರು: 'ನೀಲಾ'.

ಮೇಜಿನ ಮೇಲಿನ ಫೋನು ಹೊಡೆದುಕೊಂಡಿತು.

ನಂಬರು ತೋರಿಸುವ ಹೊಸ ಫೋನು ಅದು. ಅದರ ಪುಟ್ಟ ಕಿಂಡಿಯಲ್ಲಿ ಮೂಡಿದ ಅಂಕಿಗಳನ್ನು ಓದಬೇಕಾಗಿರಲಿಲ್ಲ, ಕಣ್ಣಿಗೆ ರೂಢಿಯಾದದ್ದೇ. ಮನೆಯ ನಂಬರು.

ಉದಯ ಇನ್ನೂ ಪೇಟೆ ದಾಟಿರಲಾರ. ಅಜ್ಜಿಗೆ ನಂಬರು ಒತ್ತಲು ಬರುವುದಿಲ್ಲ.

ಕೈ ರಿಸೀವರಿನ ಕಡೆ ತಾನಾಗಿ ಹೋಯಿತು. ಎತ್ತಿದರೆ ಒಂದು ಧ್ವನಿ ಇರುತ್ತದೆ. ಆ ಧ್ವನಿ ಏನೋ ಕೇಳುತ್ತದೆ, ಏನೋ ಬೇಡುತ್ತದೆ, ಅಥವಾ ಅಜ್ಜಿಯ ಹೆಸರು ಹೇಳುತ್ತದೆ. ಅದನ್ನು ಕೇಳಿದ ಮೇಲೆ ಈ ವರದಿ ಕಳಿಸುವ ಕೈ ತನಗಿರುವುದಿಲ್ಲ ಅಂತ ನೀಲಾಳಿಗೆ ಸ್ಪಷ್ಟವಾಗಿ ಗೊತ್ತಿತ್ತು. ಲೈನು ಕಡಿದ ಕೂಡಲೇ ಅಂದಿದ್ದರು ಹುಬ್ಬಳ್ಳಿಯವರು. ಕೂಡಲೇ ಅಂದರೆ ಈಗ.

ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಅವಳು ಕುರ್ಚಿ ಎಳೆದು ಕೂತಳು. ಕೊನೆಯ ಸಾಲನ್ನು, ತನ್ನದೇ ಹೆಸರಿದ್ದ ಸಾಲನ್ನು, ನಕಲು ಮಾಡಿ ವರದಿಗೆ ಸೇರಿಸಿದಳು. ಕೆಳಗೆ ಎರಡು ಮಾತು ಬರೆದಳು: ಹೊನ್ನಾವರದ ದೇವು ಇದನ್ನು ಮಾಡಿದವನಲ್ಲ. ಇದು ಹೊರಟದ್ದು ನಮ್ಮ ಮನೆಯ ತಂತಿಯಿಂದ, ದಯವಿಟ್ಟು ಈಗಲೇ ನೋಡಿ. ಅದರ ಕೆಳಗೆ ಪೂರ್ತಿ ಹೆಸರು, ಮನೆಯ ವಿಳಾಸ, ಮನೆಯ ಫೋನ್ ನಂಬರು.

ಕಳಿಸುವ ಗುಂಡಿ ಒತ್ತಿದಳು. ನೀಲಿ ಪಟ್ಟಿ ಮೆಲ್ಲಗೆ, ಮೆಲ್ಲಗೆ ಅರ್ಧಕ್ಕೆ ಬಂತು, ನಿಂತಿತು, ಮತ್ತೆ ಸರಿಯಿತು.

ಹೋಯಿತು. ಸಣ್ಣಮ್ಮನಿಗೆ ಕೊಟ್ಟ ಮಾತು ಮುಗಿಯಿತು.

ಆಗ ಫೋನೆತ್ತಿದಳು.